ಎರಡು ಬ್ರೇಕಿನ ಕಾರು

ಕ್ಲಚ್ ಮೇಷ್ಟ್ರು ಮೂವತ್ತೊಂದು ವರ್ಷ ಊರ ಮಂದಿಗೆ ಕಾರು ಓಡಿಸಲು ಕಲಿಸಿದವರು. "ಬ್ರೇಕು ಯಾರು ಬೇಕಾದ್ರೂ ಒತ್ತಬಹುದು, ಕ್ಲಚ್ಚಿಗೆ ಮಾತ್ರ ತಾಳ್ಮೆ ಬೇಕು" ಎಂದು ಮೊದಲ ಪಾಠದಲ್ಲೇ ಹೇಳುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಅವರ ಕಾರಿನಲ್ಲಿ ಎರಡು ಬ್ರೇಕು, ಎರಡು ಕ್ಲಚ್ಚು. ಒಂದು ಜೊತೆ ಕಲಿಯುವವರ ಕಾಲ ಕೆಳಗೆ, ಇನ್ನೊಂದು ಜೊತೆ ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲ ಕೆಳಗೆ. ಕಲಿಯುವವರು ಗಾಬರಿಬಿದ್ದು ಸಿಕ್ಕಿದ್ದನ್ನೆಲ್ಲ ತುಳಿದು, ಇಂಜಿನ್ನು ಗಕ್ಕನೆ ನಿಂತು, ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದಾಗ ಮೇಷ್ಟ್ರು ಕುತ್ತಿಗೆ ಕೂಡ ತಿರುಗಿಸುತ್ತಿರಲಿಲ್ಲ. "ಪರವಾಗಿಲ್ಲ. ಮತ್ತೊಮ್ಮೆ," ಎನ್ನುತ್ತಿದ್ದರು. ಈ ಎರಡು ಮಾತಿನ ಬಲದ ಮೇಲೆ ಊರಿನ ಅರ್ಧ ಜನ ಲೈಸೆನ್ಸ್ ಪಡೆದಿದ್ದರು.

ಅವರಿಗೊಂದು ಗಟ್ಟಿ ನಂಬಿಕೆಯಿತ್ತು. ಮನುಷ್ಯ ಎಂಥವನು ಎಂದು ತಿಳಿಯಲು ವರ್ಷಗಟ್ಟಲೆ ಒಡನಾಡಬೇಕಾಗಿಲ್ಲ, ಸ್ಟೀರಿಂಗ್ ಹಿಂದೆ ಹತ್ತು ನಿಮಿಷ ಕೂರಿಸಿದರೆ ಸಾಕು. ಕನ್ನಡಿ ನೋಡದವನು ಸ್ವಾರ್ಥಿ. ಸುಮ್ಮಸುಮ್ಮನೆ ಹಾರ್ನ್ ಒತ್ತುವವನು ಪುಕ್ಕಲ. ಸಿಗ್ನಲ್ ಹಾಕದೆ ತಿರುಗುವವನ ಮಾತನ್ನು ನಂಬಲೇಬಾರದು. ಈ ಲೆಕ್ಕಾಚಾರದ ಮೇಲೆ ಅವರು ಪರಿಚಯದವರ ಎರಡು ಮದುವೆ ತಪ್ಪಿಸಿದ್ದರು, ಒಂದನ್ನು ಮಾಡಿಸಿದ್ದರು. ಮೂರೂ ಒಳ್ಳೆಯದೇ ಆಯಿತು ಎಂದು ಅವರೇ ಹೇಳಿಕೊಂಡು ತಿರುಗುತ್ತಿದ್ದರು. ಆ ಮೂರು ಮನೆಯವರನ್ನು ಯಾರೂ ಕೇಳಿರಲಿಲ್ಲ.

ಕಳೆದ ವರ್ಷ ಅವರ ಎಡ ಮಂಡಿ ಕೈಕೊಟ್ಟಿತು. ಮೂವತ್ತೊಂದು ವರ್ಷ ಬೇರೆಯವರ ಕ್ಲಚ್ಚನ್ನೂ ತಾವೇ ತುಳಿದರೆ ಇನ್ನೇನಾದೀತು? ಇನ್ನು ಸಾಕು ಎಂದರು ಡಾಕ್ಟರು. ಮೇಷ್ಟ್ರು ಕಾರಿನ ನೆತ್ತಿಯ ಮೇಲಿದ್ದ ಬೋರ್ಡನ್ನು ಬಿಚ್ಚಿ ಮಂಚದ ಕೆಳಗೆ ಸರಿಸಿದರು. ಕಾರು ಐದು ತಿಂಗಳು ತಗಡಿನ ಶೆಡ್ಡಿನಲ್ಲಿ ನಿಂತಿತು. ನಿಂತ ಕಾರನ್ನು ದಿನಾ ನೋಡುವುದು ಅವರಿಗೆ ಆಗಲಿಲ್ಲ. ಮಾರಿಬಿಡೋಣ ಎಂದು ತೀರ್ಮಾನಿಸಿದರು.

ಈಗ ಮಗಳ ವಿಷಯ ಹೇಳಬೇಕು. ಮೇಷ್ಟ್ರಿಗೆ ಇದ್ದವಳು ಅವಳೊಬ್ಬಳೇ. ಅವಳಿಗೆ ಏಳು ವರ್ಷವಾದಾಗ ತಾಯಿ ತೀರಿಹೋದಳು. ಅದೇ ವರ್ಷ ಈ ಕಾರು ಬಂತು. ಶಾಲೆ ಬಿಟ್ಟ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲವಾದ್ದರಿಂದ ಮೇಷ್ಟ್ರು ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಪಾಠಕ್ಕೆ ಹೊರಡುತ್ತಿದ್ದರು. ಹಾಗಾಗಿ ಆ ಹುಡುಗಿ ಹೋಂವರ್ಕ್ ಮಾಡಿದ್ದು, ಬನ್ನು ತಿಂದದ್ದು, ನಿದ್ದೆ ಹೋದದ್ದು, ಜ್ವರ ಬಂದು ಮುದುರಿಕೊಂಡದ್ದು ಎಲ್ಲ ಹಿಂದಿನ ಸೀಟಿನಲ್ಲಿ. ಕಾರು ಜಿಗಿದಾಗಲೆಲ್ಲ ಅಕ್ಷರವೂ ಜಿಗಿಯುತ್ತಿತ್ತು. ಇವಳ ಕೈಬರಹ ಯಾಕೆ ಹೀಗೆ ಎಂದು ಶಾಲೆಯವರು ಮೇಷ್ಟ್ರನ್ನು ಕರೆಸಿ ಕೇಳಿದಾಗ ಅವರು, "ರಸ್ತೆ ಸರಿ ಇಲ್ಲ ಮೇಡಂ" ಎಂದು ಉತ್ತರ ಕೊಟ್ಟಿದ್ದರು.

ಹದಿನೆಂಟು ತುಂಬಿದ ವಾರವೇ ಅವಳು ಮುಂದಿನ ಸೀಟಿಗೆ ಬಂದು ಕೂತಳು. ಹನ್ನೊಂದು ವರ್ಷ ಕಾದಿದ್ದಳಲ್ಲ, ಉತ್ಸಾಹ ತಡೆಯಲಾಗಲಿಲ್ಲ. ಮುಚ್ಚಿದ ಅಚ್ಚುಕೂಟದ ಮುಂದಿನ ನಿರ್ಜನ ರಸ್ತೆಯಲ್ಲಿ ಕ್ಲಚ್ಚನ್ನು ಸ್ವಲ್ಪ ಬೇಗ ಬಿಟ್ಟಳು. ಕಾರು ಕುಪ್ಪಳಿಸಿ ಗೇಟಿನ ಕಂಬಕ್ಕೆ ತಗುಲಿ ಒಂದು ದೀಪದ ಗಾಜು ಒಡೆಯಿತು. ಅದಕ್ಕೂ ಮುಂಚೆ ಅದೇ ಗಾಜನ್ನು ನಾಲ್ಕು ಜನ ಒಡೆದಿದ್ದರು. ನಾಲ್ವರಿಗೂ ಮೇಷ್ಟ್ರು "ಪರವಾಗಿಲ್ಲ, ಮತ್ತೊಮ್ಮೆ" ಎಂದಿದ್ದರು. ಮಗಳಿಗೆ ಮಾತ್ರ, "ಇಳಿ ಕೆಳಗೆ! ನೀನು ಹಿಂದಿನ ಸೀಟಿಗೇ ಸರಿ," ಎಂದು ಕಿರುಚಿದರು.

ಅವರಿಗೆ ಬಂದದ್ದು ಸಿಟ್ಟಲ್ಲ, ಹೆದರಿಕೆ. ಕಂಬ, ಗಾಜು, ಮಗಳ ಮುಖ ಮೂರೂ ಒಂದೇ ಕ್ಷಣದಲ್ಲಿ ಕಣ್ಣಿಗೆ ಬಿದ್ದಿದ್ದವು. ಹೆದರಿಕೆಯನ್ನು ಹೆದರಿಕೆ ಎಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ; ಅದು ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗಿತ್ತು. ಮಗಳು ಇಳಿದು, ಹಿಂದಿನ ಬಾಗಿಲು ತೆರೆದು, ತನ್ನ ಹಳೆಯ ಜಾಗದಲ್ಲಿ ಕೂತಳು. ಆಮೇಲೆ ಅವಳು ಆ ಕಾರಿನ ಸ್ಟೀರಿಂಗ್ ಮುಟ್ಟಲಿಲ್ಲ. ಮೇಷ್ಟ್ರೂ ಆ ಮಾತು ಎತ್ತಲಿಲ್ಲ. ಎರಡು ವರ್ಷಕ್ಕೆ ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಹಿಡಿದು, ಊರಿನ ಇನ್ನೊಂದು ತುದಿಯಲ್ಲಿ ಗೆಳತಿಯ ಜೊತೆ ಮನೆ ಮಾಡಿದಳು. ತಣ್ಣನೆಯ ಪೆಟ್ಟಿಗೆಯೊಂದನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಮನೆಮನೆ ತಿರುಗಿ ರಕ್ತ ತೆಗೆದು ತರುವ ಕೆಲಸ ಅವಳದು.

ಕಾರು ಮಾರುತ್ತಾರೆ ಎಂದು ತಿಳಿದ ದಿನವೇ ಅವಳು ಫೋನ್ ಮಾಡಿ ಕೇಳಿದಳು. ಮೇಷ್ಟ್ರು ಮಾತು ಹಾರಿಸಿದರು. ಮುಂದಿನ ಭಾನುವಾರ ಮನೆಗೇ ಬಂದಳು.

"ಅಪ್ಪ, ಕಾರು ಮಾರಬೇಡ. ನಂಗೆ ಕೊಡು."

"ನಿಂಗ್ಯಾಕೆ ಕಾರು?"

"ಓಡಿಸೋಕೆ."

"ನೀನು ಓಡಿಸೋದಾ?" ಮೇಷ್ಟ್ರು ನಕ್ಕರು. "ನಿನ್ನಂಥವರ ಕೈಗೆ ಕೊಡೋ ಬದಲು ಗುಜರಿಗೆ ಹಾಕ್ತೀನಿ ಬಿಡು."

ತಮಾಷೆಗೆ ಅಂದ ಮಾತು. ಮಗಳೂ ತುಟಿಯಂಚಿನಲ್ಲಿ ನಕ್ಕಳು. ಮಡಿಲಲ್ಲಿದ್ದ ಬ್ಯಾಗಿನ ಜಿಪ್ಪನ್ನು ಅರ್ಧ ಎಳೆದಿದ್ದವಳು ಮತ್ತೆ ಮುಚ್ಚಿದಳು. ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬಸ್ಸು ಹಿಡಿದು ಹೋದಳು. ಮೇಷ್ಟ್ರು ಆ ಜಿಪ್ಪನ್ನು ನೋಡಿದ್ದರು. ಅದರಲ್ಲೇನಿದೆ ಎಂದು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಮಾರುವ ಏರ್ಪಾಡೆಲ್ಲ ಮಾಡಿದ್ದು ಅವರ ಮನೆಯ ಕೆಳಗಿನ ಫೋಟೋ ಸ್ಟುಡಿಯೋದಾಕೆ. ಅವಳೂ ಮೇಷ್ಟ್ರ ಶಿಷ್ಯೆಯೇ, ಅತಿ ಹೆಚ್ಚು ಸಲ ಇಂಜಿನ್ ನಿಲ್ಲಿಸಿದ ದಾಖಲೆ ಇದ್ದವಳು. ಆನ್‌ಲೈನ್‌ನಲ್ಲಿ ಹಾಕಿದರೆ ವಾರದಲ್ಲಿ ಹೋಗುತ್ತದೆ ಎಂದು ಕಾರನ್ನು ಬಿಸಿಲಿಗೆ ತರಿಸಿ, ಒರೆಸಿ, ಎಂಟು ಫೋಟೋ ತೆಗೆದಳು. ಒಳಗಿನ ಫೋಟೋ ತೆಗೆಯುವಾಗ ತಡೆದಳು.

"ಮೇಷ್ಟ್ರೇ, ಡ್ರೈವರ್ ಸೀಟಿನ ಬೆನ್ನ ತುಂಬಾ ಯಾರೋ ಪೆನ್ನಲ್ಲಿ ಗೀಚಿದ್ದಾರಲ್ಲ?"

"ನನ್ನ ಮಗಳು. ಚಿಕ್ಕವಳಿದ್ದಾಗಿನ ಕೆಲಸ. ಕವರ್ ಬದಲಾಯಿಸಿಬಿಡೋಣ."

"ಈಗಲೇ ಬೇಡ. ಇರೋದನ್ನ ಇದ್ದ ಹಾಗೆ ತೋರಿಸಿದ್ರೆ ಜನಕ್ಕೆ ನಂಬಿಕೆ ಬರತ್ತೆ. ಬೇಕು ಅಂದ್ರೆ ಬದಲಾಯಿಸಿ ಕೊಡ್ತೀವಿ ಅಂತ ಬರೀತೀನಿ."

ಅವಳು ಹಾಗೇ ಬರೆದಳು. ಆಮೇಲೆ ಮೇಷ್ಟ್ರನ್ನು ಕೂರಿಸಿಕೊಂಡು, ಮೇಷ್ಟ್ರಿಗೇ ಪಾಠ ಮಾಡಿದಳು. ತನ್ನ ಸ್ಕೂಟರ್ ಮಾರುವಾಗ ಯಾರೋ ಟೋಪಿ ಹಾಕಿದ್ದರಿಂದ ಅವಳಿಗೆ ಈ ವಿಷಯದಲ್ಲಿ ಅನುಭವವೂ ಇತ್ತು, ಉರಿಯೂ ಇತ್ತು.

"ನೋಡಿ, ಬರ್ಕೊಳ್ಳಿ. ಕಾರು ನೋಡೋದೇ ಬೇಡ, ಕೇಳಿದಷ್ಟು ಕೊಡ್ತೀನಿ ಅಂತ ಬರೋನು ಕಳ್ಳ. ಅವನ ಹತ್ರ ಮಾತೇ ಬೇಡ, ಬ್ಲಾಕ್ ಮಾಡಿ. ದುಡ್ಡು ಕಳಿಸ್ತೀನಿ, ಇದನ್ನ ಒತ್ತಿ, ಓಟಿಪಿ ಹೇಳಿ ಅಂದ್ರೆ ಅವನೂ ಕಳ್ಳ. ಇನ್ನು ಓಡಿಸಿ ನೋಡ್ತೀನಿ ಅಂತ ಬಂದ್ರೆ ನೀವು ಪಕ್ಕದಲ್ಲೇ ಕೂತಿರಿ, ಏನೇ ಆದ್ರೂ ಕಾರಿಂದ ಇಳೀಬೇಡಿ. ಅಸಲಿ ಕಾಗದ ಮನೇಲಿಡಿ."

"ನನ್ನ ಕಾಲ ಕೆಳಗೇ ಒಂದು ಬ್ರೇಕ್ ಇದೆಯಮ್ಮ," ಎಂದರು ಮೇಷ್ಟ್ರು. "ನನ್ನ ಬಿಟ್ಟು ಎಲ್ಲಿಗೆ ಹೋಗತ್ತೆ ಅದು?"

ಆದರೂ ಪಾಠದ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡರು. ಅಸಲಿ ಕಾಗದಗಳು ಹದಿನೇಳು ವರ್ಷದಿಂದ ಇದ್ದ ಹಾಗೆ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಉಳಿದವು. ಪಾಠದ ಕಾರನ್ನು ಯಾವಾಗ ಬೇಕಾದರೂ ತಪಾಸಣೆಗೆ ನಿಲ್ಲಿಸುತ್ತಾರೆ, ಕಾಗದ ಕಾರಿನಲ್ಲೇ ಇರಬೇಕು ಎಂಬುದು ಅವರ ರೂಢಿ. ರೂಢಿಯನ್ನು ಯಾರಾದರೂ ನೋಟುಬುಕ್ಕು ನೋಡಿ ಬದಲಾಯಿಸುತ್ತಾರೆಯೇ?

ಮರುದಿನದಿಂದ ಫೋನು ಟಿಣ್ ಟಿಣ್ ಎನ್ನತೊಡಗಿತು. ಒಬ್ಬ ಕಾರಿಗೆ ಬದಲಾಗಿ ಎರಡು ಫ್ರಿಜ್ಜು ಕೊಡುತ್ತೇನೆಂದ. ಇನ್ನೊಬ್ಬ ದುಡ್ಡು ಕಳಿಸುತ್ತೇನೆ, ನಿಮ್ಮ ಫೋನಿನಲ್ಲಿ ಒಂದು ಚೌಕದ ಚಿತ್ರ ಬರುತ್ತದೆ, ಅದನ್ನು ಒತ್ತಿ ಎಂದ. "ನನಗೆ ದುಡ್ಡು ಬರೋಕೆ ನಾನ್ಯಾಕಪ್ಪ ಒತ್ತಬೇಕು?" ಎಂದು ಮೇಷ್ಟ್ರು ಅವನ ಚಳಿ ಬಿಡಿಸಿ ಫೋನಿಟ್ಟರು. ಸ್ಟುಡಿಯೋದಾಕೆಗೆ ಹೇಳಿಕೊಂಡು ಬೀಗಿದರು. ನೋಟುಬುಕ್ಕಿನ ಎರಡನೆಯ ಕಳ್ಳನ ಮೇಲೆ ಗೆರೆ ಎಳೆದರು.

ನಾಲ್ಕನೆಯ ದಿನ ಬಂದ ಸಂದೇಶ ಚಿಕ್ಕದಾಗಿತ್ತು. "ಕಾರು ನೋಡಬೇಕಾಗಿಲ್ಲ. ನೀವು ಹೇಳಿದ ಬೆಲೆಗೇ ತೆಗೆದುಕೊಳ್ಳುತ್ತೇನೆ. ತಿಂಗಳ ಕೊನೆಗೆ ಬರುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಯಾರಿಗೂ ಕೊಡಬೇಡಿ. ಸೀಟಿನ ಕವರ್ ಬದಲಾಯಿಸಬೇಡಿ."

ಮೇಷ್ಟ್ರಿಗೆ ಖುಷಿಯೋ ಖುಷಿ. ನೋಟುಬುಕ್ಕಿನ ಮೊದಲನೆಯ ಕಳ್ಳ ಕೊನೆಗೂ ಬಂದಿದ್ದ. ಬ್ಲಾಕ್ ಮಾಡಿದರೆ ಸಾಕಿತ್ತು. ಆದರೆ ಕಲಿಸುವವರ ಬಾಯಿ, ಬುದ್ಧಿ ಹೇಳದೆ ಬಿಟ್ಟೀತೆ? ಒಂದೇ ಬೆರಳಿನಲ್ಲಿ ಅರ್ಧ ಗಂಟೆ ಕುಟ್ಟಿ ಉತ್ತರ ಬರೆದರು. "ನೋಡದೆ ಕಾರು ಕೊಳ್ಳುವವರು ಕಾರಿಗೆ ಲಾಯಕ್ಕಲ್ಲ. ನಿಮ್ಮಂಥವರ ಕೈಗೆ ಕೊಡುವ ಬದಲು ಗುಜರಿಗೆ ಹಾಕುತ್ತೇನೆ. ಇನ್ನಾದರೂ ನಿಯತ್ತಾಗಿ ಬದುಕಿ." ಕಳಿಸಿ, ಬ್ಲಾಕ್ ಮಾಡಿ, ಕೆಳಗಿಳಿದು ಹೋಗಿ ಸ್ಟುಡಿಯೋದಾಕೆಗೆ ತೋರಿಸಿದರು. ಸೀಟಿನ ಕವರಿನ ಮಾತು ಓದಿ ಅವಳು ಹುಬ್ಬು ಗಂಟಿಕ್ಕಿದಳು. ಕಳ್ಳನಿಗೆ ಸೀಟಿನ ಕವರ್ ಯಾಕೆ ಬೇಕು? "ಏನೋ ಹೊಸ ತರಹದ ಕಳ್ಳ ಇರಬೇಕು," ಎಂದರು ಮೇಷ್ಟ್ರು. ಅವರಿಬ್ಬರೂ ಅದನ್ನು ಅಲ್ಲಿಗೇ ಬಿಟ್ಟರು.

ಬಿಳಿ ಅಂಗಿಯವನು ಬಂದದ್ದು ಆಮೇಲೆ ಎರಡು ದಿನಕ್ಕೆ, ಮಧ್ಯಾಹ್ನ ಮೂರು ಗಂಟೆಗೆ. ಬಸ್ಸಿನಲ್ಲಿ ಬಂದೆ ಎಂದ. ವಯಸ್ಸು ನಲವತ್ತರ ಆಸುಪಾಸು, ಮೆತ್ತನೆಯ ಮಾತು, ಕೇಳುವ ಮುಂಚೆಯೇ ಲೈಸೆನ್ಸ್ ತೆಗೆದು ತೋರಿಸಿದ. ಬಾನೆಟ್ ಎತ್ತಿಸಿ ನೋಡಿದ, ಟೈರುಗಳ ಹಲ್ಲಿಗೆ ಉಗುರು ಹಾಕಿ ನೋಡಿದ, ಬೆಲೆಯಲ್ಲಿ ಸ್ವಲ್ಪ ಚೌಕಾಸಿ ಮಾಡಿದ. ಎಲ್ಲವೂ ನೋಟುಬುಕ್ಕಿಗೆ ಸರಿಹೊಂದುತ್ತಿತ್ತು.

ಆದರೆ ಮೇಷ್ಟ್ರು ಕರಗಿದ್ದು ಅದಕ್ಕಲ್ಲ. ಅವನು ಡ್ರೈವರ್ ಸೀಟಿನಲ್ಲಿ ಕೂತವನು ಕೀ ಮುಟ್ಟಲೇ ಇಲ್ಲ. ಮೊದಲು ಸೀಟನ್ನು ತನ್ನ ಕಾಲಿಗೆ ಹೊಂದಿಸಿಕೊಂಡ. ಆಮೇಲೆ ಒಳಗಿನ ಕನ್ನಡಿ. ಆಮೇಲೆ ಎರಡೂ ಹೊರಗಿನ ಕನ್ನಡಿ. ಆಮೇಲೆ ಬೆಲ್ಟು. ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ಅಲ್ಲಾಡಿಸಿ ನೋಡಿ, ಕ್ಲಚ್ಚನ್ನು ಪೂರ್ತಿ ಒತ್ತಿ, ಆಗ ಕೀ ತಿರುಗಿಸಿದ. ಮೂವತ್ತೊಂದು ವರ್ಷದಲ್ಲಿ ಈ ಕ್ರಮವನ್ನು ಹೇಳಿಸಿಕೊಳ್ಳದೆ ಮಾಡಿದವರನ್ನು ಮೇಷ್ಟ್ರು ಕಂಡಿರಲಿಲ್ಲ. ಕಾರು ಹೊರಟದ್ದೇ ಗೊತ್ತಾಗಲಿಲ್ಲ.

"ಯಾರು ಕಲಿಸಿದ್ದು ನಿಮಗೆ?" ಮೇಷ್ಟ್ರಿಗೆ ಕೇಳದೆ ಇರಲಾಗಲಿಲ್ಲ.

"ನಮ್ಮ ಸೋದರಮಾವ ಸಾರ್. ತುಂಬಾ ಕಟ್ಟುನಿಟ್ಟು."

"ಅದಕ್ಕೇ ಮತ್ತೆ!" ಎಂದರು ಮೇಷ್ಟ್ರು. ಪಕ್ಕದ ಬ್ರೇಕಿನ ಮೇಲೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡು ಆರಾಮಾಗಿ ಕೂತರು. ಹೀಗೆ ಓಡಿಸುವವನ ಮನಸ್ಸು ಎಷ್ಟು ಶುದ್ಧವಾಗಿರಬೇಡ!

ಅಚ್ಚುಕೂಟದ ಮುಂದಿನ ರಸ್ತೆಗೆ ಬಂದರು. ಅಲ್ಲಿ ಎರಡು ಹಳೆಯ ಲಾರಿಗಳ ನಡುವೆ ಒಂದು ಕಾರಿನಷ್ಟೇ ಜಾಗವಿತ್ತು. ಅಷ್ಟು ಚೆಂದದ ಜಾಗ ಕಣ್ಣೆದುರಿಗೆ ಬಂದಾಗ ಮೇಷ್ಟ್ರಿಗೆ ಮಂಡಿನೋವೂ ಮರೆತುಹೋಯಿತು, ಮಾರಾಟವೂ ಮರೆತುಹೋಯಿತು. "ಎಲ್ಲಿ, ಇಲ್ಲಿಗೆ ಹಿಂದಕ್ಕೆ ತಗೊಂಡು ನಿಲ್ಸಿ ನೋಡೋಣ," ಎಂದರು. ಎಂದವರೇ ಬಾಗಿಲು ತೆರೆದು ಇಳಿದರು.

ಇಳಿದದ್ದು ಯಾಕೆಂದರೆ, ಅವರು ಯಾವಾಗಲೂ ಇಳಿಯುತ್ತಿದ್ದರು. ಹಿಂದಕ್ಕೆ ತೆಗೆದು ನಿಲ್ಲಿಸುವ ಪಾಠವನ್ನು ಒಳಗೆ ಕೂತು ಹೇಳಿಕೊಡಲು ಆಗುವುದಿಲ್ಲ. ಮೇಷ್ಟ್ರು ಪಾದಚಾರಿ ಕಟ್ಟೆಯ ಮೇಲೆ ನಿಂತು, ಟೈರಿಗೂ ಕಟ್ಟೆಗೂ ನಡುವೆ ತಮ್ಮ ಬೂಟು ಇಟ್ಟು ನೋಡಬೇಕು. ಒಂದು ಬೂಟಿನ ಅಗಲ ಇದ್ದರೆ ಪಾಸು, ಹೆಚ್ಚಿದ್ದರೆ ಮತ್ತೊಮ್ಮೆ. ಸಾವಿರಾರು ಸಲ ಹಾಗೆ ಇಳಿದಿದ್ದ ಕಾಲು ಇವತ್ತು ಯಾರನ್ನೂ ಕೇಳದೆ ಇಳಿಯಿತು. ನೋಟುಬುಕ್ಕಿನ ಮೂರನೆಯ ಮಾತು ಮನೆಯ ಮೇಜಿನ ಮೇಲಿತ್ತು.

ಬಿಳಿ ಅಂಗಿಯವನು ಒಂದೇ ಬಾರಿಗೆ ಕಾರನ್ನು ಒಳಗೆ ತಂದ. ಮೇಷ್ಟ್ರು ಬಗ್ಗಿ ಬೂಟು ಇಟ್ಟು ನೋಡಿದರು. ಹೇಳಿ ಮಾಡಿಸಿದ ಹಾಗಿತ್ತು. ಹಿಂದಿನ ಲಾರಿಗೆ ಮಾತ್ರ ತುಸು ಹತ್ತಿರ. "ಸ್ವಲ್ಪ ಮುಂದೆ ತಗೊಳ್ಳಿ," ಎಂದು ಕೈ ಆಡಿಸಿದರು.

ಅವನು ಸ್ವಲ್ಪ ಮುಂದೆ ತೆಗೆದುಕೊಂಡ. ಇಂಡಿಕೇಟರ್ ಹಾಕಿದ. ಕನ್ನಡಿ ನೋಡಿದ, ಹೆಗಲ ಮೇಲಿಂದ ತಿರುಗಿ ಹಿಂದೆಯೂ ನೋಡಿದ. ರಸ್ತೆ ಖಾಲಿಯಿದೆ ಎಂದು ಖಾತ್ರಿ ಮಾಡಿಕೊಂಡು ಹೊರಟುಹೋದ.

ಮೇಷ್ಟ್ರ ಬಾಯಿಂದ ಮೊದಲು ಬಂದ ಮಾತು, "ಭೇಷ್!" ಎಂಬುದು. ಸುತ್ತು ಹಾಕಿಕೊಂಡು ಬರುತ್ತಾನೆ ಎಂದುಕೊಂಡು ಅವರು ಐದು ನಿಮಿಷ ಕಟ್ಟೆಯ ಮೇಲೆ ನಿಂತರು. ಹತ್ತು ನಿಮಿಷಕ್ಕೆ ರಸ್ತೆಯ ತಿರುವಿನ ತನಕ ನಡೆದು ಹೋಗಿ ನೋಡಿ ಬಂದರು. ಕಾಲು ಗಂಟೆಗೆ ಅವರು ಗೇಟಿನ ಆ ಹಳೆಯ ಕಂಬವನ್ನು ಹಿಡಿದುಕೊಂಡು ಕೂತುಬಿಟ್ಟರು. ಜೇಬಿನಲ್ಲಿ ಫೋನಿತ್ತು. ಯಾರಿಗೆ ಮಾಡುವುದು? ಅವರಿಗೆ ಇದ್ದವಳು ಒಬ್ಬಳೇ.

"ಕಾರು ಹೋಯ್ತಮ್ಮ," ಎಂದರು.

ಮಗಳು ಏನು, ಎತ್ತ ಎಂದು ಕೇಳಲಿಲ್ಲ. "ನಿಂಗೇನೂ ಆಗಿಲ್ಲ ತಾನೆ? ಎಲ್ಲಿದ್ದೀಯ? ಅಲ್ಲೇ ಇರು, ಬಂದೆ," ಎಂದಳು.

ಅರ್ಧ ಗಂಟೆಗೆ ಲ್ಯಾಬಿನ ಬಿಳಿಯ ಚಿಕ್ಕ ವ್ಯಾನೊಂದು ಬಂದು ಕಟ್ಟೆಯ ಪಕ್ಕ ನಿಂತಿತು. ಡ್ರೈವರ್ ಕಡೆಯ ಬಾಗಿಲಿನಿಂದ ಮಗಳು ಇಳಿದಳು. ಮೇಷ್ಟ್ರು ಅವಳ ಹಿಂದೆ ಇನ್ನೂ ಯಾರಾದರೂ ಇಳಿಯುತ್ತಾರೇನೋ ಎಂದು ನೋಡಿದರು. ಯಾರೂ ಇರಲಿಲ್ಲ. ಟೈರಿಗೂ ಕಟ್ಟೆಗೂ ನಡುವೆ ಸರಿಯಾಗಿ ಒಂದು ಬೂಟಿನ ಜಾಗವಿತ್ತು. ಅವರು ಬೂಟು ಇಡಲಿಲ್ಲ, ಕಣ್ಣಿನಲ್ಲೇ ಅಳೆದರು.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೇದೆಗೆ ದಪ್ಪ ಕನ್ನಡಕವಿತ್ತು, ಸಾಕಷ್ಟು ಪುರುಸೊತ್ತೂ ಇತ್ತು.

"ಚಾಕು ಗೀಕು ತೋರಿಸಿದ್ನಾ?"

"ಇಲ್ಲ."

"ಮತ್ತೆ ಕಾರಿಂದ ನಿಮ್ಮನ್ನ ತಳ್ಳಿದ್ನಾ?"

"ಇಲ್ಲ. ನಾನೇ ಇಳಿದೆ. ಮುಂದೆ ತಗೊಳ್ಳಿ ಅಂತ ನಾನೇ ಹೇಳಿದೆ."

ಪೇದೆ ಪೆನ್ನು ಎತ್ತಿದ. "ವೇಗವಾಗಿ ಓಡಿಸಿಕೊಂಡು ಹೋದ್ನಾ?"

"ಇಲ್ಲ. ಇಂಡಿಕೇಟರ್ ಹಾಕ್ಕೊಂಡು ಹೋದ."

ಪಕ್ಕದ ಮೇಜಿನವರು ನಗು ತಡೆಯಲಾರದೆ ಕೆಮ್ಮಿದರು. ಮೇಷ್ಟ್ರು ತಲೆ ತಗ್ಗಿಸಿದರು. ಮೂವತ್ತೊಂದು ವರ್ಷದ ಮರ್ಯಾದೆ ಆ ಒಂದು ಕೆಮ್ಮಿನಲ್ಲಿ ಮಣ್ಣುಪಾಲಾದ ಹಾಗಾಯಿತು. ಮಗಳು ಅವರ ಪಕ್ಕದಲ್ಲಿ ನೆಟ್ಟಗೆ ಕೂತು ಕೆಮ್ಮಿದವರನ್ನು ದಿಟ್ಟಿಸಿ ನೋಡಿದಳು. ಕೆಮ್ಮು ನಿಂತಿತು.

"ಗುರುತು ಹೇಳಿ. ಅಂಥ ಕಾರು ನೂರಾರು ಇರತ್ತೆ. ಬೇರೆ ಬಣ್ಣ ಬಳಿದು, ನಂಬರ್ ಬದಲಾಯಿಸಿಬಿಡ್ತಾರೆ. ಪಕ್ಕದ ಬ್ರೇಕನ್ನೂ ಕಿತ್ತು ಹಾಕ್ತಾರೆ. ಬೇರೆ ಏನಾದ್ರೂ ಗುರುತು?"

ಮೇಷ್ಟ್ರು ಯೋಚಿಸಿದರು. ಬಂಪರಿನ ಗೀರು, ಬದಲಾಯಿಸಿದ ದೀಪದ ಗಾಜು. ಅವರಿಗೆ ಗೊತ್ತಿದ್ದದ್ದೆಲ್ಲ ಕಾರಿನ ಮುಂಭಾಗ.

"ಡ್ರೈವರ್ ಸೀಟಿನ ಬೆನ್ನ ಮೇಲೆ ನೀಲಿ ಇಂಕಿನ ಗೀಟುಗಳಿವೆ," ಎಂದಳು ಮಗಳು. "ಐದೈದರ ಗುಂಪು. ಮೇಲಿಂದ ಕೆಳಗಿನ ತನಕ. ನಾಲ್ಕುನೂರ ಹನ್ನೆರಡು."

ಪೇದೆ ಕನ್ನಡಕ ಸರಿಪಡಿಸಿಕೊಂಡ. "ಏನು ಲೆಕ್ಕಮ್ಮ ಅದು?"

"ನಾನು ಹಿಂದೆ ಕೂತಿರ್ತಿದ್ದೆ. ಅಪ್ಪ ಯಾರಿಗಾದ್ರೂ 'ಪರವಾಗಿಲ್ಲ, ಮತ್ತೊಮ್ಮೆ' ಅಂದಾಗಲೆಲ್ಲ ಒಂದೊಂದು ಗೀಟು ಹಾಕ್ತಿದ್ದೆ. ಎಷ್ಟು ಸಲ ಆದ್ಮೇಲೆ ಅಪ್ಪಂಗೆ ಸಿಟ್ಟು ಬರತ್ತೆ ನೋಡೋಣ ಅಂತ." ಅವಳು ಪೇದೆಯನ್ನೇ ನೋಡುತ್ತ ಹೇಳಿದಳು. "ಬರ್ಲೇ ಇಲ್ಲ. ಅದಕ್ಕೇ ನಾನೂ ಧೈರ್ಯವಾಗಿ ಕಲಿಯೋಕೆ ಕೂತೆ."

ಹದಿನೇಳು ವರ್ಷ ಅದು ಮೇಷ್ಟ್ರ ಕಾರು. ಅದರ ಹಿಂದಿನ ಸೀಟಿನಲ್ಲಿ ಅವರು ಒಂದು ದಿನವೂ ಕೂತಿರಲಿಲ್ಲ. ಮಗು ಎದುರಿಗೆ ಏನು ನೋಡುತ್ತ ಬೆಳೆಯಿತು ಎಂದು ತಿಳಿಯುವ ಅವಕಾಶ ಇದ್ದ ಒಂದೇ ಜಾಗ ಅದು. ಅದನ್ನು ಬಿಳಿ ಅಂಗಿಯವನಿಗೆ ಮುಂದೆ ತಗೊಳ್ಳಿ ಎಂದು ಕೈ ಆಡಿಸಿ ಕಳಿಸಿಕೊಟ್ಟಿದ್ದರು.

"ಸರಿ, ಫೋನ್ ಕೊಡಿ," ಎಂದ ಪೇದೆ. "ಕಾರಿನ ವಿಷಯಕ್ಕೆ ಯಾರ್ಯಾರು ಸಂಪರ್ಕ ಮಾಡಿದಾರೋ ಎಲ್ಲ ನೋಡ್ಬೇಕು. ಇಂಥವರು ಒಬ್ಬೊಬ್ಬರೇ ಇರಲ್ಲ." ಒಂದೊಂದಾಗಿ ಓದುತ್ತ ಹೋದ. ಫ್ರಿಜ್ಜಿನವನಿಗೆ ನಕ್ಕ. ಒಂದು ಕಡೆ ಬೆರಳು ನಿಲ್ಲಿಸಿದ. "ಇದ್ಯಾರದು? 'ಕಾರು ನೋಡಬೇಕಾಗಿಲ್ಲ, ಹೇಳಿದ ಬೆಲೆಗೇ ತೆಗೆದುಕೊಳ್ಳುತ್ತೇನೆ.' ಇದೇ ಗ್ಯಾಂಗಿನವನು ಇರ್ಬೇಕು. ನೀವು ಚೆನ್ನಾಗೇ ಉಗಿದಿದ್ದೀರಿ ಬಿಡಿ. 'ನಿಮ್ಮಂಥವರ ಕೈಗೆ ಕೊಡುವ ಬದಲು ಗುಜರಿಗೆ ಹಾಕುತ್ತೇನೆ. ಇನ್ನಾದರೂ ನಿಯತ್ತಾಗಿ ಬದುಕಿ.' ಈ ನಂಬರ್ ಯಾರದು ಅಂತ ಪತ್ತೆ ಮಾಡ್ಸೋಣ."

"ಬೇಡಿ ಸಾರ್," ಎಂದಳು ಮಗಳು. "ಅದು ನನ್ನದು. ಲ್ಯಾಬ್‌ನವರು ಕೊಟ್ಟಿರೋ ಫೋನು."

ಪೇದೆ ತಂದೆಯ ಮುಖ ನೋಡಿದ, ಮಗಳ ಮುಖ ನೋಡಿದ, ಆಮೇಲೆ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಪಕ್ಕದ ಮೇಜಿನವರೂ ಕೆಮ್ಮಲಿಲ್ಲ. ಮಿಕ್ಕಿದ್ದನ್ನೆಲ್ಲ ಪೇದೆ ತಾನೇ ಬರೆದುಕೊಂಡು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ. ಸಿಗುವ ಭರವಸೆ ಇಟ್ಟುಕೊಳ್ಳಬೇಡಿ, ಅಸಲಿ ಕಾಗದವೂ ಅವನ ಕೈಲೇ ಇದೆ ಎಂದು ಹೇಳಬೇಕಾದದ್ದನ್ನೂ ಆದಷ್ಟು ಮೆತ್ತಗೆ ಹೇಳಿದ.

ಹೊರಗೆ ಬಂದು ಮಗಳು ವ್ಯಾನಿನ ಬಾಗಿಲು ತೆರೆದಳು. "ಮುಂದೆ ಕೂತ್ಕೋ ಅಪ್ಪ. ಹಿಂದೆ ಜಾಗ ಇಲ್ಲ, ಪೆಟ್ಟಿಗೆಗಳಿವೆ."

ಮೇಷ್ಟ್ರು ಅವಳ ಪಕ್ಕದಲ್ಲಿ ಕೂತರು. ಅವಳು ಸೀಟು ನೋಡಿದಳು, ಕನ್ನಡಿ ನೋಡಿದಳು, ಬೆಲ್ಟು ಎಳೆದುಕೊಂಡಳು. ವ್ಯಾನು ಹೊರಟಿತು. ಮೊದಲ ತಿರುವಿನಲ್ಲಿ ಬಸ್ಸೊಂದು ಅಡ್ಡ ಬಂದಾಗ ಮೇಷ್ಟ್ರ ಬಲಗಾಲು ತಾನೇ ತಾನಾಗಿ ನೆಲವನ್ನು ಒತ್ತಿತು.

"ಅಲ್ಲಿ ಬ್ರೇಕ್ ಇಲ್ಲ ಅಪ್ಪ," ಎಂದಳು ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ.

ಕೇಳಬೇಕಾದದ್ದನ್ನು ಬಿಟ್ಟು ಮೇಷ್ಟ್ರು ಬೇರೇನೋ ಕೇಳಿದರು.

"ಲೈಸೆನ್ಸು ಯಾವಾಗ ಬಂತು?"

"ಎರಡು ತಿಂಗಳಾಯ್ತು. ಅದು ಬಂದ್ಮೇಲೇ ಲ್ಯಾಬ್‌ನವರು ಈ ವ್ಯಾನು ಕೊಟ್ಟಿದ್ದು. ಅವತ್ತು ಭಾನುವಾರ ಮನೆಗೆ ಬಂದಾಗ ಬ್ಯಾಗಲ್ಲೇ ಇತ್ತು. ತೋರಿಸೋಣ ಅಂತ ತಂದಿದ್ದೆ."

ಜಿಪ್ಪು ಅರ್ಧ ತೆರೆದು ಮುಚ್ಚಿಕೊಂಡದ್ದು ಮೇಷ್ಟ್ರಿಗೆ ನೆನಪಾಯಿತು. ಇನ್ನೊಂದು ಗೇಣು ತೆರೆದಿದ್ದರೆ ಕಾರು ಇವತ್ತು ಎಲ್ಲಿರುತ್ತಿತ್ತು ಎಂಬ ಯೋಚನೆ ಬಂದು, ತಡೆಯಲಾಗದೆ ಕಿಟಕಿಯ ಕಡೆ ತಿರುಗಿದರು.

"ಯಾರ ಹತ್ರ ಕಲಿತೆ?"

"ಲ್ಯಾಬ್ ಹತ್ರ ಒಂದು ಸ್ಕೂಲಿದೆ. ವಯಸ್ಸಾದ ಹೆಂಗಸು ಕಲಿಸೋದು. ಮೊದಲ ವಾರ ದಿನಕ್ಕೆ ಇಪ್ಪತ್ತು ಸಲ ಇಂಜಿನ್ ನಿಲ್ಲಿಸ್ತಿದ್ದೆ. ಅವರು ಒಂದು ದಿನವೂ ರೇಗಲಿಲ್ಲ."

ಮೇಷ್ಟ್ರು ಮಗಳ ಕಡೆ ತಿರುಗಿದರು. "ಅವತ್ತು ಕಂಬಕ್ಕೆ ಗುದ್ದಿದಾಗ ನಂಗೆ ಹೆದರಿಕೆ ಆಗಿತ್ತಮ್ಮ. ಸಿಟ್ಟಲ್ಲ ಅದು. ನಾನು ಹಾಗನ್ನಬಾರದಿತ್ತು. ಆ ಮೆಸೇಜಿಗೂ ಹಾಗೆ ಬರೀಬಾರದಿತ್ತು. ಇವತ್ತು ಕಾರಿಂದ ಇಳೀಲೂಬಾರದಿತ್ತು."

ಮಗಳು ಗೇರು ಬದಲಾಯಿಸಿದಳು. "ಪರವಾಗಿಲ್ಲ ಅಪ್ಪ," ಎಂದಳು.

ಅದರ ಹಿಂದೆ ಬರಬೇಕಾದ ಇನ್ನೊಂದು ಮಾತಿಗೆ ಮೇಷ್ಟ್ರು ಕಾದರು. ಅವಳು ಅದನ್ನು ಹೇಳಲಿಲ್ಲ. ಏನನ್ನು ಮತ್ತೊಮ್ಮೆ ಮಾಡುವುದು? ಕಾರು ಎಲ್ಲಿತ್ತು, ಹದಿನೆಂಟರ ಹುಡುಗಿ ಎಲ್ಲಿದ್ದಳು?

ಮನೆಯ ದಾರಿಯಲ್ಲಿ ಸೇತುವೆಗೆ ಹತ್ತುವ ಒಂದು ಏರಿದೆ. ಅದರ ನಡುವೆಯೇ ಕೆಂಪು ದೀಪ. ಮೇಷ್ಟ್ರ ಶಿಷ್ಯರಲ್ಲಿ ಅಲ್ಲಿ ಇಂಜಿನ್ ನಿಲ್ಲಿಸದೆ ಹೋದವರು ಯಾರೂ ಇಲ್ಲ. ವ್ಯಾನು ಏರಿನಲ್ಲಿ ನಿಂತಿತು. ಹಿಂದೆ ಸಾಲಾಗಿ ವಾಹನಗಳು ಬಂದು ಸೇರಿದವು. ಒಂದೇ ಒಂದು ಸಲ, ದೇವರೇ, ಒಂದೇ ಒಂದು ಸಲ ಈ ಇಂಜಿನ್ನು ನಿಲ್ಲಲಿ ಎಂದು ಮೇಷ್ಟ್ರು ಬೇಡಿಕೊಂಡರು. ಆ ಎರಡು ಮಾತು ಅವರ ನಾಲಿಗೆಯ ತುದಿಗೆ ಬಂದು ಕೂತಿದ್ದವು. ನಾಲ್ಕುನೂರ ಹನ್ನೆರಡು ಸಲ ಅವುಗಳನ್ನು ಊರವರಿಗೆಲ್ಲ ಹಂಚಿದ್ದರು. ಇದೊಂದನ್ನು ಮಗಳಿಗೆ ಕೊಡಬೇಕಾಗಿತ್ತು.

ಹಸಿರು ದೀಪ ಬಂತು. ಮಗಳು ಕ್ಲಚ್ಚನ್ನು ಮೆಲ್ಲಗೆ ಬಿಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿದಳು. ವ್ಯಾನು ಒಂದಂಗುಲವೂ ಹಿಂದೆ ಜಾರದೆ ಏರು ಹತ್ತಿಹೋಯಿತು. ಮನೆಯ ತನಕ ಇಂಜಿನ್ನು ಎಲ್ಲಿಯೂ ನಿಲ್ಲಲಿಲ್ಲ.